ಸಣ್ಣ ಗಾಳಿಗೆ ಹೊಲಿದ ಹಾಯಿ

ಹಡಗಿನ ಗೌಡರು ನಮ್ಮ ಅಂಗಡಿಗೆ ಮೊದಲ ಸಲ ಬಂದಾಗ ನಾನು ಪರದೆಯ ಹಿಂದೆ ಯಾರದೋ ರವಿಕೆಗೆ ಕಾಜಾ ಹಾಕುತ್ತಿದ್ದೆ. ಹೊಸಕೋಟೆಯ ಮದ್ರಾಸ್ ರಸ್ತೆಯಲ್ಲಿದ್ದ ಆ ಅಂಗಡಿಯ ಮುಂಭಾಗದಲ್ಲಿ ನನ್ನ ಗಂಡ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದರು. ಹಿಂದಿನ ಕೋಣೆ ನನ್ನದು. ಅವರ ಗಿರಾಕಿಗಳು ರಸ್ತೆಯಿಂದ ಬರುತ್ತಿದ್ದರು, ನನ್ನವರು ಪಕ್ಕದ ಓಣಿಯಿಂದ.

"ಮೇಷ್ಟ್ರೇ, ಹಾಯಿ ಹೊಲೀತೀರಾ?" ಎಂದು ಗೌಡರು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಅದಕ್ಕೇನಂತೆ ಗೌಡ್ರೇ. ಎಷ್ಟು ಬೇಕು ಹೇಳಿ, ಹೊಲ್ಕೊಡ್ತೀನಿ."

ಗೌಡರು ಹೋದ ಮೇಲೆ ಇವರು ಪರದೆ ಸರಿಸಿ ತಲೆ ಒಳಗೆ ಹಾಕಿದರು. "ಲೇ, ಹಾಯಿ ಅಂದ್ರೆ ಏನೇ?"

ನನ್ನ ಗಂಡ ಒಳ್ಳೆಯ ಕೆಲಸಗಾರ. ಆದರೆ ಬಂದವರಿಗೆ ಇಲ್ಲ ಅನ್ನುವುದನ್ನು ಮಾತ್ರ ಕಲಿಯಲಿಲ್ಲ.

ಗೌಡರ ಊರು ಅನುಗೊಂಡನಹಳ್ಳಿ. ಹೊಲ, ತೋಟ ಇದ್ದ ಮನೆತನ. ಆದರೂ ಗೌಡರು ಹುಡುಗಾಟದ ವಯಸ್ಸಿನಲ್ಲೇ ಬೊಂಬಾಯಿಗೆ ಹೋಗಿ ಇಪ್ಪತ್ತು ವರ್ಷ ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದು ಬಂದಿದ್ದರು. ಬಂದವರು ಸುಮ್ಮನೆ ರಾಗಿ ಬೆಳೆಯಲಿಲ್ಲ. ಕೊಟ್ಟಿಗೆಯಿಂದ ಹಸುಗಳನ್ನು ಹೊರಗೆ ಕಟ್ಟಿ, ಒಳಗೆ ಹದಿನೆಂಟು ಅಡಿಯ ಒಂದು ಮರದ ದೋಣಿ ಕಟ್ಟಿದರು. ಅದಕ್ಕೊಂದು ಪುಟ್ಟ ಕೋಣೆ, ಮಲಗಲು ಎರಡು ಹಲಗೆ, ಸೀಮೆಎಣ್ಣೆ ಸ್ಟೌ ಇಡಲು ಒಂದು ಗೂಡು. ಮಂಗಳೂರಿನಲ್ಲಿ ಅದನ್ನು ಸಮುದ್ರಕ್ಕಿಳಿಸಿ, ದಂಡೆ ಹಿಡಿದು, ಊರೂರಲ್ಲಿ ನಿಲ್ಲುತ್ತಾ ಕಾರವಾರದವರೆಗೆ ಒಬ್ಬರೇ ಹೋಗಬೇಕೆಂಬುದು ಅವರ ಆಸೆ. ಆ ವರ್ಷ ಮಳೆ ಚೆನ್ನಾಗಿ ಬಂದು ಹೊಸಕೋಟೆ ಕೆರೆ ತುಂಬಿತ್ತು. ಹಾಯಿ ಕಟ್ಟುವುದನ್ನು ಇಲ್ಲೇ ಕಲಿತುಬಿಡೋಣ ಎಂದು ದೋಣಿಯನ್ನು ಲಾರಿಯ ಮೇಲೆ ತಂದು ಏರಿಯ ಹತ್ತಿರ ನೀರಿಗೆ ಬಿಟ್ಟಿದ್ದರು.

ದೋಣಿ ಕದಲಲಿಲ್ಲ. ಚಳಿಗಾಲದಲ್ಲಿ ನಮ್ಮ ಕೆರೆಯ ಮೇಲೆ ಬೀಸುವ ಗಾಳಿಗೆ ಒಣಗಲು ಹಾಕಿದ ಹಪ್ಪಳವೂ ಹಾರುವುದಿಲ್ಲ. ಗೌಡರ ಹಾಯಿಗಳೋ ಬೊಂಬಾಯಿಯಿಂದ ತಂದ ದಪ್ಪ ಕ್ಯಾನ್ವಾಸಿನವು. ಆ ಗಾಳಿಗೆ ಅವನ್ನು ಎತ್ತುವ ಶಕ್ತಿಯೇ ಇರಲಿಲ್ಲ, ನೆನೆದ ಕಂಬಳಿಯಂತೆ ಜೋತುಬಿದ್ದಿರುತ್ತಿದ್ದವು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೆರೆಯ ಮಧ್ಯೆ ಕುಳಿತು, ಕೊನೆಗೆ ಹುಟ್ಟು ಹಾಕಿಕೊಂಡು ದಡಕ್ಕೆ ಬರುತ್ತಿದ್ದ ಗೌಡರನ್ನು ನೋಡಿ, ಬಟ್ಟೆ ಒಗೆಯುವವರು "ಹಿಂದಿನಿಂದ ಒಂದಿಷ್ಟು ತಳ್ಳೋಣ್ವಾ ಗೌಡ್ರೇ?" ಎಂದು ಕೂಗುತ್ತಿದ್ದರಂತೆ.

ಗೌಡರು ಅಂಗಡಿಗೆ ಬಂದುಹೋದ ಮಾರನೇ ದಿನ ಓಣಿಯ ಬಾಗಿಲಿಂದ ಅವರ ಹೆಂಡತಿ ಗೌಡಮ್ಮ ಬಂದರು. ಗಟ್ಟಿ ಮೈಕಟ್ಟಿನ, ಗಟ್ಟಿ ದನಿಯ ಹೆಂಗಸು. ರವಿಕೆ ಬಟ್ಟೆ ಮುಂದಿಟ್ಟರು, ಆದರೆ ಅಳತೆ ಕೊಡುವ ಮೊದಲೇ ವಿಷಯಕ್ಕೆ ಬಂದರು.

"ನೋಡಮ್ಮಣ್ಣಿ, ನಿನ್ ಗಂಡ ಹಾಯಿ ಹೊಲೀತಾನಂತೆ. ನಾನು ನಮ್ಮೋರಿಗೆ ಒಂದ್ ಮಾತು ಹೇಳಿದೀನಿ. ಏರಿಯಿಂದ ಆಚೆ ದಡಕ್ಕೆ, ಹುಟ್ಟು ಮುಟ್ಟದೆ, ನನ್ನನ್ನ ಕೂರಿಸ್ಕೊಂಡು ಹೋಗ್ಬೇಕು. ಹೋದ್ರೆ ಮಂಗ್ಳೂರಿಗಾದ್ರೂ ಹೋಗ್ಲಿ, ಲಂಡನ್ನಿಗಾದ್ರೂ ಹೋಗ್ಲಿ. ಹೋಗ್ದಿದ್ರೆ ದೋಣಿ ಮಾರ್ಬೇಕು. ಅದು ತಿರುಗಿ ನನ್ ಕೊಟ್ಟಿಗೆಗೆ ಬರ್ಕೂಡ್ದು."

"ಯಾವಾಗೊಳಗೆ ಅಮ್ಮಾ?"

"ಶಿವರಾತ್ರಿ ಒಳಗೆ. ಆಮೇಲೆ ಆಚೆ ದಡ ಬರೀ ಕೆಸರು."

ಅದು ನಿಜವೇ. ದೋಣಿಯ ಅಡಿಯಲ್ಲಿ ಸೊಂಟದುದ್ದದ ಒಂದು ಹಲಗೆ ನೀರಿಗಿಳಿಯುತ್ತಿತ್ತು. ದೋಣಿ ಅಡ್ಡಡ್ಡ ಜಾರದಂತೆ ಹಿಡಿಯುತ್ತಿದ್ದದ್ದು ಅದೇ. ಅಷ್ಟು ಆಳ ನೀರು ಇರದಿದ್ದರೆ ಆಟ ಮುಗಿಯಿತು.

ಗೌಡರ ಹತ್ತಿರ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿ ಸಣ್ಣ ಗಾಳಿಗೆಂದೇ ಮೂರು ಬಗೆಯ ಹಾಯಿಗಳ ಚಿತ್ರಗಳಿದ್ದವು. ಒಂದು ಬಲೂನಿನಂತೆ ಉಬ್ಬಿ ದೋಣಿಯ ಮುಂದೆ ಹಾರುವಂಥದ್ದು. ಎರಡನೆಯದು ಹಾಯಿಕಂಬದ ತುದಿಯಿಂದ ದೋಣಿಯ ಮೂತಿಗೆ ಇಳಿದು, ಅಲ್ಲಿಂದ ಕಂಬವನ್ನೂ ದಾಟಿ ಹಿಂದಕ್ಕೆ ಬರುವ ದೊಡ್ಡ ಮೂರು ಮೂಲೆಯದು. ಮೂರನೆಯದು ಎರಡು ಹಾಯಿಗಳ ನಡುವೆ ಸಿಕ್ಕಿಸುವ ಕಿರಿದಾದದ್ದು. ಗೌಡರಿಗೆ ಮೂರೂ ಬೇಕಿತ್ತು. ನನ್ನ ಗಂಡ ಮೂರಕ್ಕೂ ಆಗಲೇ ತಲೆಯಾಡಿಸಿದ್ದರು.

ನಾನು ಪರದೆಯ ಹಿಂದಿನಿಂದಲೇ ಕೇಳಿದೆ. "ಗೌಡ್ರೇ, ಈ ಬಲೂನು ಎಂಥಾ ಗಾಳಿಗೆ?"

"ಹಿಂದಿನಿಂದ ಬೀಸೋ ಗಾಳಿಗಮ್ಮ."

"ಪಕ್ಕದಿಂದ ಬೀಸಿದ್ರೆ?"

"ಆಗಲ್ಲ. ಮತ್ತೆ ಅದಕ್ಕೆ ಒಂದು ಅಡ್ಡಗೋಲು ಬೇಕು, ಹಿಡಿಯೋಕೆ ಇನ್ನೊಬ್ಬ ಬೇಕು."

"ನೀವು ಹೋಗೋದು ಒಬ್ರೇ ಅಲ್ವಾ?"

ಗೌಡರು ಪುಸ್ತಕದ ಹಾಳೆ ಮಗುಚಿದ ಸದ್ದು ಕೇಳಿಸಿತು. ಒಬ್ಬನೇ ಇಳಿಸಲಾಗದ ಹಾಯಿ ಇದ್ದೂ ಪ್ರಯೋಜನವಿಲ್ಲ, ಒಂದೇ ಕಡೆಯ ಗಾಳಿಗೆ ಕಾಯುವುದಾದರೆ ಮನೆಯಲ್ಲೇ ಕಾಯಬಹುದು. ಮೂರನೆಯದು ತೀರಾ ಕಿರಿದು, ಎರಡನೆಯದೇ ಸರಿ, ಅದೊಂದನ್ನೇ ಚೆನ್ನಾಗಿ ಮಾಡೋಣ ಎಂದೆ. ಗೌಡರು ಒಪ್ಪಿಕೊಂಡರು. "ಮೇಷ್ಟ್ರೇ, ಬಟ್ಟೆ ಆರಿಸೋದನ್ನ ನಿಮ್ಮ ಮನೆಯೋರಿಗೇ ಬಿಡಿ" ಅಂದರು. ನನ್ನ ಗಂಡನಿಗೆ ಬೇಜಾರಾಗಲಿಲ್ಲ, ನಿರಾಳವಾಯಿತು.

ಬಟ್ಟೆ ಆರಿಸಲು ನಾನು ನನ್ನದೇ ದಾರಿ ಹಿಡಿದೆ. ಒಂದೊಂದು ಬಗೆಯದನ್ನೂ ಒಂದೊಂದು ಮೊಳ ತರಿಸಿ ನಾಲ್ಕು ಪರೀಕ್ಷೆ ಮಾಡಿದೆ. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದುವುದು, ಆಚೆ ಇಟ್ಟ ದೀಪ ಅಲುಗಿದರೆ ಗಾಳಿ ಸೋರುತ್ತದೆ. ತಕ್ಕಡಿಯಲ್ಲಿ ತೂಗುವುದು. ಬಕೆಟ್ಟಿನಲ್ಲಿ ಅದ್ದಿ, ಕೊಡವಿ, ಮತ್ತೆ ತೂಗುವುದು. ಕೊನೆಯದಾಗಿ ಮೂಲೆಯಿಂದ ಮೂಲೆಗೆ ಎಳೆದು ಎಷ್ಟು ಹಿಗ್ಗುತ್ತದೆ ನೋಡುವುದು. ಮಲ್ ಬಟ್ಟೆ ಹಗುರವಿತ್ತು, ಆದರೆ ಊದಿದರೆ ದೀಪ ಆರಿತು. ಪಾಪ್ಲಿನ್ ಗಾಳಿ ತಡೆಯಿತು, ಆದರೆ ನೀರು ಕುಡಿದು ಎರಡರಷ್ಟು ತೂಗಿತು. ಕೆರೆಯ ಮಂಜಿನಲ್ಲಿ ಅದರ ಗತಿ ಗೊತ್ತೇ ಇತ್ತು. ಆಗ ಎಲ್ಲರೂ ಉಡುತ್ತಿದ್ದ ನೈಲಾನ್ ಸೀರೆಯನ್ನೂ ಬಿಡಲಿಲ್ಲ. ಗೌಡಮ್ಮನವರದೇ ಒಂದು ಹಳದಿ ಹೂವಿನ ಸೀರೆಯನ್ನು ಗೌಡರು ಹೇಳದೆ ಕೇಳದೆ ತಂದಿದ್ದರು. ಅದು ರಬ್ಬರಿನ ಹಾಗೆ ಹಿಗ್ಗಿತು, ಮತ್ತೆ ಮೊದಲಿನ ಅಳತೆಗೆ ಬರಲೇ ಇಲ್ಲ. ಅದನ್ನು ಮಡಚಿ ವಾಪಸು ಬೀರುವಿನಲ್ಲಿಟ್ಟ ಗೌಡರಿಗೆ ಯುಗಾದಿಯ ದಿನ ಏನಾಯಿತು ಎಂಬುದು ಬೇರೆ ಕಥೆ.

ಕೊನೆಗೆ ಗೌಡರೂ ನಾವಿಬ್ಬರೂ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋದೆವು. ಅಲ್ಲಿ ನನಗೆ ಗೊತ್ತಿದ್ದ ಒಬ್ಬ ಮಗ್ಗದವರು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ನೇಯುತ್ತಿದ್ದರು. ಮಗ್ಗದ ಸದ್ದಿನಲ್ಲಿ ಗೌಡರು ಕೂಗಿ ಕೂಗಿ ವಿವರಿಸಿದರು.

"ಹದಿನೆಂಟು ಗಜ, ಒತ್ತಾಗಿ, ಹಗುರಾಗಿ!"

"ಆಗ್ಲಿ ಸ್ವಾಮಿ. ಅಂಚು ಯಾವ ಬಣ್ಣ?"

"ಅಂಚು ಬ್ಯಾಡ!"

"ಸೆರಗಿಗೆ ಬುಟ್ಟಾ ಹಾಕ್ಲಾ?"

"ದೋಣಿಗೆ ಕಣಯ್ಯಾ!"

"ಯಾರಿಗಾದ್ರೂ ಆಗ್ಲಿ ಸ್ವಾಮಿ, ಸೆರಗು ಇಲ್ದೆ ಹೆಂಗೆ?"

ಕೊನೆಗೂ ಬೋಳು ಬಟ್ಟೆ ಸಿಕ್ಕಿತು. ಬಿಳಿಯದು, ಬೆಣ್ಣೆಯ ಹಾಗೆ ನುಣುಪು, ಊದಿದರೆ ದೀಪ ಅಲುಗಲಿಲ್ಲ. ಅದರ ಚೆಂದಕ್ಕೆ ಮರುಳಾಗಿ ನಾನೊಂದು ತಪ್ಪು ಮಾಡಿದೆ. ನೀರಿನಲ್ಲಿ ಅದ್ದಿ ತೂಗಿದೆನೇ ಹೊರತು, ಒದ್ದೆಯಲ್ಲಿ ಎಳೆದು ನೋಡಲಿಲ್ಲ. ಜೊತೆಗೆ ನನ್ನ ಗಂಡ, "ಇಷ್ಟುದ್ದ ಹೊಲಿಗೆ ನಿನ್ ಮಿಷಿನ್ನಿಗೆ ಆಗಲ್ಲ" ಎಂದು ಟಾರ್ಪಾಲಿನ ದಬ್ಬಣದಂಥ ಸೂಜಿಯಲ್ಲೇ ಹೊಲಿದರು. ಪ್ರತಿ ಹೊಲಿಗೆಗೂ ಒಂದೊಂದು ಕಿಂಡಿ. ಕೆರೆಗೆ ಒಯ್ದ ಬೆಳಿಗ್ಗೆ ಮಂಜು ಬಿದ್ದಿತ್ತು. ಹಾಯಿ ಮೇಲೇರಿತು, ಒದ್ದೆಯಾಯಿತು, ಗೌಡರು ಹಗ್ಗವನ್ನು ಒಮ್ಮೆ ಜಗ್ಗಿದರು. ಹೊಲಿಗೆಯ ಉದ್ದಕ್ಕೂ ಅಂಚೆಚೀಟಿ ಹರಿದ ಹಾಗೆ ಪರ್ ಎಂದು ಎರಡು ಪಾಲಾಯಿತು. ಒಣಗಿದಾಗ ಅಷ್ಟು ಗಟ್ಟಿ ಇದ್ದ ಆ ಬಟ್ಟೆಯ ನೂಲು ನೆನೆದರೆ ಅರ್ಧಕ್ಕರ್ಧ ಬಲ ಕಳೆದುಕೊಳ್ಳುತ್ತದೆ ಎಂದು ಆಮೇಲೆ ಅದೇ ಮಗ್ಗದವರು ಹೇಳಿದರು. "ಸೀರೆ ಅಂದಿದ್ರೆ ಮೊದ್ಲೇ ಹೇಳ್ತಿದ್ದೆ ತಾಯಿ. ದೋಣಿ ಅಂದ್ರಿ, ದೋಣಿ ಕಥೆ ನಂಗೇನ್ ಗೊತ್ತು?"

ಸಂಕ್ರಾಂತಿ ಕಳೆಯಿತು. ಕೆರೆಯ ನೀರು ತೂಬಿನ ಒಂದು ಮೆಟ್ಟಿಲು ಇಳಿದಿತ್ತು.

ಎಪ್ಪತ್ತೊಂದರ ಯುದ್ಧ ಮುಗಿದು ಎರಡು-ಮೂರು ವರ್ಷವಾಗಿದ್ದ ಕಾಲ. ಬೆಂಗಳೂರಿನಲ್ಲಿ ಮಿಲಿಟರಿಯವರು ಬೇಡವೆಂದ ಸಾಮಾನು ಮಾರುವ ಅಂಗಡಿಗಳಿದ್ದವು. ಅಲ್ಲಿಂದ ಗೌಡರು ಒಂದು ಹಳೆಯ ಪ್ಯಾರಾಚೂಟು ಹೊತ್ತು ತಂದರು, ಅದೂ ನೈಲಾನೇ, ಆದರೆ ಸೀರೆಗಿಂತ ಒತ್ತಾದ ನೇಯ್ಗೆ. ಅಂಗಡಿಯಲ್ಲಿ ಇದ್ದದ್ದು ಅದೊಂದೇ. ಈ ಸಲ ನಾನು ಒಂದು ಪರೀಕ್ಷೆಯನ್ನೂ ಬಿಡಲಿಲ್ಲ. ಊದಿದರೆ ದೀಪ ಒಂಚೂರು ನಡುಗಿತು, ಅಷ್ಟೇ. ಅದ್ದಿ ಕೊಡವಿದರೆ ನೀರು ಹನಿಹನಿಯಾಗಿ ಉದುರಿ ಹೋಯಿತು. ಒದ್ದೆಯಲ್ಲಿ ನಾನೂ ನನ್ನ ಗಂಡನೂ ಎರಡು ಕಡೆ ಹಿಡಿದು ಜಗ್ಗಿದೆವು. ಬಟ್ಟೆಗೆ ಏನೂ ಆಗಲಿಲ್ಲ, ಅವರು ಮಾತ್ರ ಜಾರಿ ಬಿದ್ದರು.

ಪ್ಯಾರಾಚೂಟು ಎಂದರೆ ಕೊಡೆಯ ಹಾಗೆ ಉದ್ದುದ್ದ ಮೂರು ಮೂಲೆಯ ತುಂಡುಗಳನ್ನು ಸೇರಿಸಿ ಹೊಲಿದದ್ದು. ಮೊದಲು ಅದನ್ನು ಬಿಚ್ಚಬೇಕು. ಬ್ಲೇಡು ಹಿಡಿದು ಐದು ದಿನ ಬಿಚ್ಚಿದೆ. ಬಿಚ್ಚಿದ ಅಂಚು ಎಳೆ ಎಳೆಯಾಗಿ ಬಿಡುತ್ತಿತ್ತು. ನೈಲಾನಿಗೆ ಬಿಸಿ ತಾಗಿದರೆ ಕರಗಿ ಅಂಟುತ್ತದೆಂದು ಗೊತ್ತಿದ್ದರಿಂದ, ಊದುಬತ್ತಿ ಹಚ್ಚಿ ಅದರ ಕೆಂಡವನ್ನು ಅಂಚಿನುದ್ದಕ್ಕೂ ಮೆಲ್ಲಗೆ ಎಳೆದೆ. ಎಳೆ ಬಿಡುವುದು ನಿಂತಿತು. ಅಷ್ಟು ದಿನ ನಮ್ಮ ಅಂಗಡಿ ಗುಡಿಯ ಹಾಗೆ ಘಮಘಮಿಸಿತು. ಒಬ್ಬ ಲಾರಿ ಡ್ರೈವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದದ್ದುಂಟು.

ಇಷ್ಟು ದೊಡ್ಡ ಹಾಯಿಯ ಆಕಾರ ಬರೆಯಲು ನಮ್ಮಲ್ಲಿ ನೆಲವಿರಲಿಲ್ಲ. ಗೌಡರ ರಾಗಿ ಕಣಕ್ಕೆ ಹೋದೆವು. ಗೌಡಮ್ಮ ಮೆದೆಯ ಕಡೆ ಕೈ ತೋರಿಸಿ, "ನಾಳಿದ್ದು ಒಕ್ಕಣೆ. ಅಷ್ಟ್ರೊಳಗೆ ಎದ್ದೇಳ್ಬೇಕು" ಅಂದರು. ಮೂರು ಮೂಲೆಗೆ ಮೂರು ಮೊಳೆ ಹೊಡೆದು, ದಾರ ಎಳೆದು, ಬಟ್ಟೆ ಹಾಸಿದೆವು. ಹಿಂದಿನ ದಿನ ಸಾರಿಸಿದ ಸಗಣಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಬಿಳಿ ಹಾಯಿಯ ಒಂದು ಮೂಲೆಗೆ ಹಸಿರು ಹತ್ತಿತು, ಅದು ಕೊನೆಯವರೆಗೂ ಹೋಗಲಿಲ್ಲ. ಎಳೆ ನೇರವಾಗಿರುವ ಕಡೆಯನ್ನು ಹಾಯಿಯ ಹಿಂದಿನ ಅಂಚಿಗೆ ಬರುವಂತೆ ಇಟ್ಟೆ. ಅಲ್ಲಿ ಬಟ್ಟೆ ಓರೆಯಾಗಿ ಬಂದರೆ ಹಿಗ್ಗಿ ಜೋಲುತ್ತದೆ. ಕತ್ತರಿಸಿದ ಮೇಲೆ ನನ್ನ ಮಿಷಿನ್ನಿನಲ್ಲೇ, ರವಿಕೆಯ ಸಣ್ಣ ಸೂಜಿಯಲ್ಲೇ ಹೊಲಿದೆ. ನನ್ನ ಗಂಡ ಬಟ್ಟೆಯ ರಾಶಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಪಕ್ಕದಲ್ಲಿ ನಿಂತಿದ್ದರು.

ಮತ್ತೆ ಕೆರೆಗೆ ಹೋದೆವು. ಈ ಸಲ ಹರಿಯಲಿಲ್ಲ. ಆದರೆ ಹಾಯಿ ಎಳೆದರೂ ಪಟಪಟ, ಬಿಟ್ಟರೂ ಪಟಪಟ. ದೋಣಿ ಮಾರುದ್ದ ಹೋಗುವುದು, ನಿಲ್ಲುವುದು.

"ಇನ್ನೂ ಬಿಗೀಬೇಕು" ಅಂದರು ನನ್ನ ಗಂಡ. ಟಾರ್ಪಾಲಿನ ಯಾವ ರೋಗಕ್ಕೂ ಅವರ ಮದ್ದು ಅದೇ.

"ಹಾಯಿಗೆ ಹೊಟ್ಟೆ ಬರ್ಬೇಕು ಅಂತ ಪುಸ್ತಕದಲ್ಲದೆ. ಬರ್ತಿಲ್ವಲ್ಲಾ" ಅಂದರು ಗೌಡರು.

ನಾನು ಏರಿಯ ಮೇಲೆ ಕುಳಿತು ನೋಡುತ್ತಿದ್ದೆ. ಹೊಸದಾಗಿ ಹೊಲಿಗೆ ಕಲಿತವರು ರವಿಕೆಯ ಮುಂಭಾಗವನ್ನು ಚಪ್ಪಟೆಯಾಗಿ ಕತ್ತರಿಸಿಬಿಡುತ್ತಾರೆ. ಅಳತೆ ಸರಿಯಿರುತ್ತದೆ, ಹಾಕಿಕೊಂಡರೆ ಮಾತ್ರ ಎಲ್ಲೆಲ್ಲೋ ಎಳೆದು ಎಲ್ಲೆಲ್ಲೋ ಸುಕ್ಕಾಗುತ್ತದೆ. ಬಟ್ಟೆಗೆ ಉಬ್ಬು ತಾನಾಗಿ ಬರುವುದಿಲ್ಲ, ಡಾರ್ಟು ಹಿಡಿದು, ಅಂದರೆ ಬಟ್ಟೆಯನ್ನು ಚೂಪಾಗಿ ಮಡಚಿ, ಹೊಲಿಗೆಯಲ್ಲಿ ತರಬೇಕು. ಇಷ್ಟು ವರ್ಷ ದಿನಕ್ಕೆ ನಾಲ್ಕು ಸಲ ಮಾಡಿದ ಕೆಲಸ. ಹಾಯಿ ಹೊಲಿಯುವಾಗ ಮಾತ್ರ ನಾನೂ ಟಾರ್ಪಾಲಿನ ಬುದ್ಧಿಯಲ್ಲೇ ಚಪ್ಪಟೆಯಾಗಿ ಸೇರಿಸಿಬಿಟ್ಟಿದ್ದೆ. ನಾಚಿಕೆಯಾಯಿತು.

"ಬಿಚ್ಬೇಕು ರೀ" ಅಂದೆ, ಮನೆಗೆ ಬಂದ ಮೇಲೆ.

"ಯಾವ್ದನ್ನ?"

"ಎಲ್ಲಾನೂ."

ಅವರು ಕುಳಿತುಬಿಟ್ಟರು. "ತಲೆ ಕೆಟ್ಟಿದೆಯಾ? ಶಿವರಾತ್ರಿಗೆ ಇನ್ ಎಷ್ಟ್ ದಿನ ಇದೆ? ಹೊಲಿಗೆಗೆ ಬಿಟ್ಟಿರೋ ಬಟ್ಟೆ ಎರಡು ಬೆರಳು. ಇನ್ನೊಂದ್ಸಲ ತಪ್ಪಿದ್ರೆ ಬಟ್ಟೆನೂ ಇಲ್ಲ, ದೋಣಿನೂ ಇಲ್ಲ. ಗೌಡ್ರ ಮುಖ ಹೆಂಗೇ ನೋಡೋದು?"

ಅವರು ಹೇಳಿದ್ದು ಸುಳ್ಳಲ್ಲ. ಉಬ್ಬು ಎಲ್ಲಿರಬೇಕು, ಎಷ್ಟಿರಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಪುಸ್ತಕದ ಆ ಪುಟಗಳ ಲೆಕ್ಕ ಗೌಡರಿಗೂ ಅರ್ಥವಾಗಿರಲಿಲ್ಲ. ಅದಕ್ಕೇ ಮೊದಲು ಚಿಂದಿ ಬಟ್ಟೆಯಲ್ಲಿ ಮೊಳದುದ್ದದ ಮೂರು ಹಾಯಿ ಹೊಲಿದೆ. ಒಂದು ಚಪ್ಪಟೆ, ಒಂದಕ್ಕೆ ಉಬ್ಬು ನಟ್ಟನಡುವೆ, ಇನ್ನೊಂದಕ್ಕೆ ಉಬ್ಬು ಮುಂದಕ್ಕೆ. ಮೂರಕ್ಕೂ ಅಲ್ಲಲ್ಲಿ ಸಣ್ಣ ನೂಲಿನ ಎಳೆಗಳನ್ನು ಸಿಕ್ಕಿಸಿದೆ, ಗಾಳಿ ಹೇಗೆ ಹರಿಯುತ್ತದೆ ನೋಡಲು. ಗಾಳಿಗೆ ಕಾಯುವ ಹಾಗಿರಲಿಲ್ಲ. ಗಂಡನ ಸೈಕಲ್ಲಿನ ಹ್ಯಾಂಡಲಿಗೆ ಒಂದು ಕೋಲು ಕಟ್ಟಿ, ಅದಕ್ಕೆ ಒಂದೊಂದೇ ಹಾಯಿ ಸಿಕ್ಕಿಸಿ, ಅವರಿಗೆ ಏರಿಯ ಮೇಲೆ ಮೆಲ್ಲಗೆ ತುಳಿಯಲು ಹೇಳಿದೆ. ನಾನು ಪಕ್ಕದಲ್ಲಿ ಓಡುತ್ತಾ ಎಳೆಗಳನ್ನು ನೋಡಿದೆ. ಸೀರೆ ಎತ್ತಿ ಕಟ್ಟಿ ಗಂಡನ ಸೈಕಲ್ಲಿನ ಜೊತೆ ಓಡುವ ಹೆಂಗಸನ್ನು ನೋಡಿ ಊರು ಏನೇನೋ ಅಂದುಕೊಂಡಿರಬೇಕು.

"ಏನ್ ಗುರು, ಸೈಕಲ್ಲಿಗೂ ಟಾರ್ಪಾಲಾ?" ಎಂದು ಯಾರೋ ಕೂಗಿದರು.

"ಮೇಲಿಂದ ಆರ್ಡರು!" ಎಂದು ನನ್ನ ಗಂಡ ನನ್ನ ಕಡೆ ಕೈ ಮಾಡಿದರು.

ಚಪ್ಪಟೆಯದರ ಎಳೆಗಳು ಹುಚ್ಚು ಹಿಡಿದಂತೆ ಕುಣಿದವು. ನಡುವೆ ಉಬ್ಬಿದ್ದರ ಮುಂದಿನ ಎಳೆಗಳು ಸುಮ್ಮನಿದ್ದು, ಹಿಂದಿನವು ಸುತ್ತಿಕೊಂಡವು. ಮೂರನೆಯದರ ಎಳೆಗಳು ಮಾತ್ರ ಮುಂದಿನಿಂದ ಹಿಂದಿನವರೆಗೂ ಬಾಚಿದ ಕೂದಲಿನಂತೆ ಮಲಗಿದವು. ಅದರಲ್ಲಿ ಮೊಳ ಅಗಲಕ್ಕೆ ಮೂರು ಬೆರಳು ಆಳವಿತ್ತು, ಉಬ್ಬು ಮುಂದಿನ ಮೂರನೇ ಒಂದು ಪಾಲಿನಲ್ಲಿತ್ತು.

ಮಧ್ಯಾಹ್ನ ಅವರು ಲಾರಿ ಸ್ಟ್ಯಾಂಡಿಗೆ ಹೋದರು. ನಾನು ಬ್ಲೇಡು ತೆಗೆದುಕೊಂಡೆ. ಮೊದಲ ಹೊಲಿಗೆಯಿಂದಲೇ ಬಿಚ್ಚುತ್ತಾ ಬಂದೆ. ಅವರು ಬರುವಷ್ಟರಲ್ಲಿ ಹಾಯಿ ತುಂಡು ತುಂಡಾಗಿ ನೆಲದ ಮೇಲಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಅಂಗಿ ಕಳಚಿ ಗೂಟಕ್ಕೆ ಹಾಕಿದರು, ಎದುರು ಕುಳಿತು ಉಳಿದ ದಾರದ ಚೂರುಗಳನ್ನು ಒಂದೊಂದಾಗಿ ಕೀಳತೊಡಗಿದರು.

ಪ್ರತಿ ಜೋಡಣೆಯಲ್ಲೂ ಮುಂದಿನ ಅಂಚಿನ ಹತ್ತಿರ ಹೊಲಿಗೆಯನ್ನು ಒಂದು ಬೆರಳು ಅಗಲ ಹಿಡಿದು, ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಕಿರಿದು ಮಾಡಿದೆ. ಹತ್ತು ಜೋಡಣೆಗಳಲ್ಲಿ ಹತ್ತು ಸಣ್ಣ ಡಾರ್ಟುಗಳು. ಮುಗಿದ ಹಾಯಿಯನ್ನು ನೆಲದ ಮೇಲೆ ಹಾಸಿದರೆ ಅದು ಮಟ್ಟಸವಾಗಿ ಮಲಗಲು ಒಪ್ಪಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ನನಗೆ ಖುಷಿಯಾಯಿತು. ಗಂಡನಿಗೆ ಗಾಬರಿಯಾಯಿತು.

ಶಿವರಾತ್ರಿಗೆ ನಾಲ್ಕು ದಿನವಿತ್ತು. ಗೌಡಮ್ಮ ಒಂದು ಬುಟ್ಟಿ ಚಿತ್ರಾನ್ನ, ಉಪ್ಪಿನಕಾಯಿ ಭರಣಿ, ಹಿತ್ತಾಳೆ ಬಿಂದಿಗೆಯಲ್ಲಿ ನೀರು ಹೊರಿಸಿಕೊಂಡು ಬಂದರು.

"ಬಿಂದಿಗೆ ಇಲ್ಲೇ ಬಿಡೇ, ಭಾರ ಆಗುತ್ತೆ" ಅಂದರು ಗೌಡರು.

"ಸುತ್ತ ನೀರಿದ್ರೂ ಕುಡಿಯೋಕೆ ಹನಿ ಇಲ್ದಂಗೆ ಸಾಯ್ಲಾ ನಾನು?"

ಬಿಂದಿಗೆ ದೋಣಿಗೆ ಹೋಯಿತು. ನನ್ನ ಗಂಡನನ್ನು ಮಾತ್ರ ಭಾರವೆಂದು ದಡದಲ್ಲೇ ಬಿಟ್ಟರು. ಹಾಯಿಯ ಹಗ್ಗ ಹಿಡಿಯಲು ಹಗುರವಾದವರು ಬೇಕು, ಬಟ್ಟೆಯ ಮಾತು ತಿಳಿದವರು ಬೇಕು ಎಂದು ಗೌಡರು ನನ್ನನ್ನು ಹತ್ತಿಸಿದರು. ನಾನು ಅಲ್ಲಿಯವರೆಗೆ ಬಟ್ಟೆ ಒಗೆಯುವ ಕಲ್ಲಿನಿಂದ ಮುಂದಕ್ಕೆ ನೀರಿಗಿಳಿದವಳಲ್ಲ.

ದೋಣಿ ಹೊರಟಿತು. ಹೊರಟಿತು ಎನ್ನುವುದು ತಿಳಿದದ್ದು ದಡದಲ್ಲಿ ನಿಂತಿದ್ದ ನನ್ನ ಗಂಡ ಸಣ್ಣವರಾಗುತ್ತಾ ಹೋದದ್ದರಿಂದ. ಸದ್ದೇ ಇಲ್ಲ. ಹಾಯಿ ಒಮ್ಮೆ ಉಸಿರೆಳೆದುಕೊಂಡ ಹಾಗೆ ಉಬ್ಬಿ ನಿಂತಿತ್ತು. ನನ್ನ ಗಂಡ ಸೈಕಲ್ ಹತ್ತಿ ಕೆರೆಯ ಅಂಚಿನ ದಾರಿಯಲ್ಲಿ ನಮ್ಮ ಜೊತೆ ಜೊತೆಗೇ ಬಂದರು. ನಮಗಿಂತ ಮುಂದೆ ಹೋಗಿ, ಇಳಿದು, ಬೀಡಿ ಸೇದಿ, ನಾವು ಬಂದ ಮೇಲೆ ಮತ್ತೆ ಹತ್ತುತ್ತಿದ್ದರು.

ಅರ್ಧ ಕೆರೆ ದಾಟಿದ ಮೇಲೆ ಗಾಳಿ ನಿಂತುಹೋಯಿತು. ದೂರದ ಇಟ್ಟಿಗೆ ಗೂಡಿನ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಹಾಯಿ ಸೊರಗಿ ಇಳಿಬಿತ್ತು. ಗೌಡರ ಕೈ ಅವರಿಗೇ ಗೊತ್ತಿಲ್ಲದ ಹಾಗೆ ಹುಟ್ಟಿನ ಕಡೆ ಹೋಯಿತು. ಗೌಡಮ್ಮ ಎದ್ದು ಬಂದು ಹುಟ್ಟಿನ ಮೇಲೆ ಕುಳಿತರು.

ನನ್ನ ಕೈಯಲ್ಲಿ ಹಗ್ಗವಿತ್ತು. ಪೂರಾ ಸತ್ತಿರಲಿಲ್ಲ ಅದು. ಬೆರಳಿಗೆ ನಾಡಿಯಷ್ಟು ಮಿಡಿಯುತ್ತಿತ್ತು. ಗಾಳಿ ಇದೆ, ಆದರೆ ಮುದುರಿ ಬಿದ್ದ ಬಟ್ಟೆಯನ್ನು ಬಿಡಿಸಿ ಉಬ್ಬಿಸುವಷ್ಟಿಲ್ಲ. ಬಟ್ಟೆ ತನ್ನ ಭಾರಕ್ಕೇ ಆಕಾರಕ್ಕೆ ಬಿದ್ದರೆ? ಅದಕ್ಕೆ ದೋಣಿ ಆ ಕಡೆ ಒಂದಿಷ್ಟು ವಾಲಬೇಕು.

"ಗೌಡಮ್ಮೋರೇ, ನೀವು ಈ ಕಡೆಯಿಂದ ಆ ಕಡೆ ಹೋಗಿ ಕೂತ್ಕೋತೀರಾ? ಹಾಯಿ ಇರೋ ಕಡೆಗೆ."

"ಯಾಕೆ?"

"ದೋಣಿ ಒಂಚೂರು ವಾಲ್ಬೇಕಿತ್ತು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನ್ ಕೂತ್ರೆ ದೋಣಿ ವಾಲುತ್ತೆ ಅಂತೀಯಾ?"

ಗೌಡರು ಆಕಾಶ ನೋಡತೊಡಗಿದರು. ನಾನು ಬಿಂದಿಗೆಯ ಕಡೆ ಕೈ ತೋರಿಸಿ, "ಬಿಂದಿಗೆ ಸಮೇತ ಹೋದ್ರೆ ವಾಲುತ್ತೆ ಅಮ್ಮಾ" ಅಂದೆ.

ಗೌಡಮ್ಮ ಎದ್ದರು. ಒಂದು ಕೈಯಲ್ಲಿ ಬಿಂದಿಗೆ, ಇನ್ನೊಂದರಲ್ಲಿ ಹುಟ್ಟು, ಯಾರಿಗೂ ಬಿಟ್ಟುಕೊಡದೆ ಆ ಕಡೆಗೆ ಹೋಗಿ ಕುಳಿತರು. ದೋಣಿ ಮೆಲ್ಲಗೆ ವಾಲಿತು. ಬಟ್ಟೆ ಸರಿದು ತನ್ನ ಡಾರ್ಟುಗಳ ಜಾಗಕ್ಕೆ ತಾನೇ ಬಿದ್ದು, ಹೊಟ್ಟೆ ತುಂಬಿಕೊಂಡಿತು. ಹಗ್ಗ ಕೈಯಲ್ಲಿ ಬಿಗಿಯಿತು. ಮೂತಿಯ ಹತ್ತಿರ ನೀರು ಗುಳುಗುಳು ಎನ್ನಲು ಶುರುವಾಯಿತು.

"ಹೋಗ್ತಿದೆ ಕಣೇ!" ಎಂದು ಗೌಡರು ಚೀರಿದರು.

"ಗೊತ್ತು. ಕಿರುಚ್ಬೇಡಿ, ನಿಂತೋಗುತ್ತೆ" ಅಂದರು ಗೌಡಮ್ಮ. ಅವರು ಅಲುಗಾಡದೆ, ಬಿಂದಿಗೆ ತಬ್ಬಿಕೊಂಡು ಹಾಯಿಯನ್ನೇ ನೋಡುತ್ತಿದ್ದರು.

ಹತ್ತು ಗಂಟೆಗೆ ಹೊರಟ ನಾವು ಆಚೆ ದಡ ಸೇರಿದ್ದು ಒಂದು ಗಂಟೆಗೆ. ನಡೆದು ಹೋಗಿದ್ದರೆ ಬೇಗ ತಲುಪುತ್ತಿದ್ದೆವು. ದೋಣಿಯ ಅಡಿ ಹಲಗೆ ಮೆತ್ತಗೆ ಕೆಸರಿಗೆ ತಾಗಿ ನಿಂತಿತು. ಗೌಡಮ್ಮ ಚಿತ್ರಾನ್ನ ಬಡಿಸಿದರು. ಮುಗಿಯುವವರೆಗೂ ಗೌಡರು ತುತ್ತಿಗೊಮ್ಮೆ ಅವರ ಮುಖ ನೋಡುತ್ತಿದ್ದರು.

ಕೈ ತೊಳೆದು ಗೌಡಮ್ಮ ಹೇಳಿದರು. "ಮಾತು ಅಂದ್ರೆ ಮಾತು. ಮಂಗ್ಳೂರಿಗೆ ಹೋಗ್ರಿ."

ಗೌಡರ ಮುಖ ಅರಳಿತು.

"ಮಲ್ಗೋಕೆ ಎರಡು ಹಲಗೆ ಮಾಡಿದೀರಲ್ಲ, ಎರಡ್ನೇದು ಯಾರಿಗೆ?"

"ಸಾಮಾನಿಗೆ ಕಣೇ."

"ಸಾಮಾನು ಕೆಳಗಿಡಿ. ನಾನೂ ಬರ್ತೀನಿ."

ಇಪ್ಪತ್ತು ವರ್ಷ ಸಮುದ್ರದ ಮೇಲಿದ್ದ ಗೌಡರು ಕೊನೆಗೆ ಕಂಡುಕೊಂಡ ಉತ್ತರ ಇಷ್ಟೇ: "ಹಸುಗಳನ್ನ ಯಾರು ನೋಡ್ಕೋತಾರೆ?"

"ನನ್ ತಮ್ಮ ನೋಡ್ಕೋತಾನೆ. ದೋಣಿ ವಾಲಿಸೋಕೆ ನಿಮಗ್ಯಾರವ್ರೆ?"

ಮುಂದಿನ ಮಳೆಗಾಲ ಕಳೆದು ದೀಪಾವಳಿಯಾದ ಮೇಲೆ ಅವರಿಬ್ಬರೂ ಹೋದರು. ಎರಡು ತಿಂಗಳಿಗೆ ಕಾರವಾರದ ಕಡೆಯ ಒಂದು ಲಾರಿ ನಮ್ಮ ಅಂಗಡಿ ಮುಂದೆ ನಿಂತು ಒಂದು ಗಂಟು ಇಳಿಸಿತು. ಒಳಗೆ ಹಾಯಿ, ಜೊತೆಗೆ ಗೌಡರ ಚೀಟಿ. ಹೊನ್ನಾವರ ದಾಟಿದ ಮೇಲೆ ಎರಡು ಕಡೆ ಹರಿಯಿತು, ಒಂದಕ್ಕೆ ಇವಳೇ ಹೇಗೋ ಹೊಲಿಗೆ ಹಾಕಿದ್ದಾಳೆ, ನೋಡುವ ಹಾಗಿಲ್ಲ, ಅದನ್ನು ಬಿಚ್ಚಿ ಎರಡನ್ನೂ ಸರಿಯಾಗಿ ಹೊಲಿದು ಇದೇ ಲಾರಿ ತಿರುಗಿ ಹೋಗುವಾಗ ಕೊಡಬೇಕು, ನಾವು ವಾಪಸು ಬರುವಾಗಲೂ ದೋಣಿಯಲ್ಲೇ ಬರಬೇಕೆಂದು ಇವಳ ಹಟ, ಎಂದು ಬರೆದಿದ್ದರು.

ಹಿತ್ತಲಲ್ಲಿ ಹಾಯಿಯನ್ನು ಎರಡು ಸಲ ಜಾಲಿಸಿದೆ. ಬಕೆಟ್ಟಿನ ತಳದಲ್ಲಿ ಮರಳು ಕುಳಿತಿತು.

ಮೊದಲ ಹರುಕನ್ನು ಮಿಷಿನ್ನಿನಲ್ಲಿ ಹಾಕಿ ಮುಗಿಸಿದೆ. ಎರಡನೆಯದನ್ನು ಬೆಳಕಿಗೆ ಹಿಡಿದು ನೋಡಿದೆ. ರಾಗಿ ಮೂಟೆಯ ಬಾಯಿ ಹೊಲಿಯುವ ದಪ್ಪ ದಾರ. ಒಂದು ಹೊಲಿಗೆ ಬೆರಳುದ್ದ, ಇನ್ನೊಂದು ಉಗುರುದ್ದ. ಅಲುಗುವ ದೋಣಿಯಲ್ಲಿ ಕುಳಿತು ಹಾಕಿದ್ದೆಂದು ನೋಡಿದರೇ ತಿಳಿಯುತ್ತಿತ್ತು. ಆದರೆ ಗೌಡಮ್ಮ ಅಂಚನ್ನು ಎರಡು ಸಲ ಒಳಗೆ ಮಡಚಿದ್ದರು, ಎಳೆ ಹೋಗುವ ದಿಕ್ಕಿನಲ್ಲೇ ಹೋಗಿದ್ದರು, ಉಬ್ಬು ಇದ್ದಲ್ಲಿ ಉಬ್ಬನ್ನು ಬಿಟ್ಟಿದ್ದರು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಬಿಗಿಯಾಗಿತ್ತು.

ಹಾಯಿಯನ್ನು ಮಡಚಿ ಗಂಟು ಕಟ್ಟುವಾಗ ನನ್ನ ಗಂಡ ಅದನ್ನು ಕಂಡರು. "ಲೇ, ಇದನ್ನ ಬಿಚ್ಲೇ ಇಲ್ವಲ್ಲೇ. ಇಂಥಾ ಹೊಲಿಗೆ ನಮ್ಮ ಅಂಗಡಿಯಿಂದ ಹೋದ್ರೆ ನೋಡಿದೋರು ಏನಂತಾರೆ?"

"ಏನಾದ್ರೂ ಅನ್ಲಿ ಬಿಡಿ," ಅಂದೆ. "ಗಂಟಿಗೆ ಇನ್ನೊಂದು ಸುತ್ತು ಹಗ್ಗ ಹಾಕಿ, ಲಾರಿ ಹೊರಡುತ್ತೆ."